ತಂಬೂರಿಯಿಂದ ಸಿಂಥ್‌ಗೆ: ಮನೆಯ ಮೇಜಿನ ಮೇಲೆ ಅನಲಾಗ್ ನಾದ

ವಿದ್ಯುತ್ ಸರ್ಕ್ಯೂಟಿನಲ್ಲೇ ನಾದ ಹುಟ್ಟಿಸುವ ಅನಲಾಗ್ ಸಿಂಥಸೈಸರ್ (ಸಿಂಥ್) ಅಂದರೇನು ಎಂದು ಕೇಳಿದವರಿಗೆ ಆಸಿಲೇಟರ್, ಫಿಲ್ಟರ್, ಎನ್ವೆಲಪ್ ಎಂದು ಪಟ್ಟಿ ಒಪ್ಪಿಸತೊಡಗಿದರೆ ಎರಡನೇ ನಿಮಿಷಕ್ಕೇ ಅವರ ಮುಖ ಬಾಡುತ್ತದೆ. ಆದರೆ ಅದೇ ಜನ ಕಚೇರಿಯಲ್ಲಿ ತಂಬೂರಿಯ ಪಕ್ಕ ಕೂತು, ಯಾರೂ ಮೀಟದ ಗಾಂಧಾರ ಮಂದ್ರ ತಂತಿಯೊಳಗಿಂದ ತಾನಾಗಿ ಎದ್ದು ಬರುವುದನ್ನು ಕೇಳಿರುತ್ತಾರೆ. ಸಿಂಥ್ ಮಾಡುವ ಮುಖ್ಯ ಕೆಲಸವೂ ಅದೇ ನಾದದೊಳಗಿನ ನಾದವನ್ನು ಹೆಕ್ಕಿ ತೋರಿಸುವುದು. ಹಾಗಾಗಿ ಮನೆಗೆ ಬಂದವರ ಮುಂದೆ ನುಡಿಸಿ ತೋರಿಸುವಾಗ ಕೈಪಿಡಿಯ ಕ್ರಮವನ್ನು ಬದಿಗಿಟ್ಟು, ಒಂದೇ ಸ್ವರ ಹಿಡಿದು ತಂಬೂರಿಯ ದಾರಿಯಲ್ಲಿ ಹೋದೆವು. ಆ ಪ್ರಯೋಗಗಳು, ಅವುಗಳ ಅಳತೆಗಳು, ಎಲ್ಲಿ ಎಡವುತ್ತದೆ, ಯಾಕೆ ಎಡವುತ್ತದೆ ಎಂಬುದು ಇಲ್ಲಿದೆ.

ಮೇಜಿನ ಮೇಲಿಟ್ಟದ್ದು ಎರಡು ವಾದ್ಯ. ಒಂದು ಕೊರ್ಗ್ ಎಂಎಸ್-20 ಮಿನಿ. 1978ರ ಎಂಎಸ್-20ನ್ನು ಅದೇ ಕಂಪನಿ 2013ರಲ್ಲಿ ಗಾತ್ರ ಕುಗ್ಗಿಸಿ ಮತ್ತೆ ತಂದದ್ದು ಇದು. 37 ಸಣ್ಣ ಕೀ, ಸ್ವರ ಹುಟ್ಟಿಸುವ ಎರಡು ಆಸಿಲೇಟರ್, ತಗ್ಗಿನ ಆವರ್ತನಗಳನ್ನು ತಡೆಯುವ ಒಂದು ಹೈ-ಪಾಸ್ ಮತ್ತು ಎತ್ತರದವನ್ನು ತಡೆಯುವ ಒಂದು ಲೋ-ಪಾಸ್ ಫಿಲ್ಟರ್, ಬಲಗಡೆ ವೈರು ಚುಚ್ಚಿ ದಾರಿ ಬದಲಿಸುವ ಪ್ಯಾಚ್ ಫಲಕ. ಇನ್ನೊಂದು 2017ರಲ್ಲಿ ಮಾರುಕಟ್ಟೆಗೆ ಬಂದ ಕೊರ್ಗ್ ಮೊನೊಲಾಗ್: 25 ಕೀ, ಎರಡು ಆಸಿಲೇಟರ್, ಬರೆದಿಟ್ಟ ಸ್ವರಗಳನ್ನು ತಾನೇ ನುಡಿಸುವ 16 ಹೆಜ್ಜೆಯ ಸೀಕ್ವೆನ್ಸರ್, ಅಲೆಯ ಆಕಾರ ತೋರಿಸುವ ಪುಟ್ಟ ಪರದೆ. ಎರಡೂ ಒಂದು ಹೊತ್ತಿಗೆ ಒಂದೇ ಸ್ವರ ನುಡಿಸುವಂಥವು. ಕಲಿಯಲಿಕ್ಕೂ ತೋರಿಸಲಿಕ್ಕೂ ಇದೇ ಒಳ್ಳೆಯದು. ಗೊಂಚಲು ಸ್ವರಗಳ ಸಿಂಥ್‌ನಲ್ಲಿ ಯಾವ ನಾಬ್ ಏನು ಮಾಡಿತು ಎಂಬುದು ಕಿವಿಗೆ ಬೇಗ ಸಿಕ್ಕುವುದಿಲ್ಲ. ಎಂಎಸ್-20 ಮಿನಿಗೆ ನೆನಪಿನ ಶಕ್ತಿ ಇಲ್ಲ; ನಾಬ್ ಎಲ್ಲಿದೆಯೋ ಅದೇ ಧ್ವನಿ. ಮೊನೊಲಾಗ್ 100 ಧ್ವನಿಗಳನ್ನು ಉಳಿಸಿಕೊಳ್ಳುತ್ತದೆ.

ಮೊದಲು ಕರೆಂಟಿನ ವಿಷಯ, ಏಕೆಂದರೆ ಅರ್ಧಕ್ಕರ್ಧ ತೊಂದರೆ ಅಲ್ಲೇ. ಎರಡಕ್ಕೂ 9 ವೋಲ್ಟ್ ಡಿಸಿ ಅಡಾಪ್ಟರ್ ಬೇಕು, ನಡುವಿನ ಪಿನ್ ಪ್ಲಸ್. ಗಿಟಾರ್ ಪೆಡಲ್‌ಗಳ 9 ವೋಲ್ಟ್ ಅಡಾಪ್ಟರ್‌ನಲ್ಲಿ ಸಾಮಾನ್ಯವಾಗಿ ನಡುವಿನ ಪಿನ್ ಮೈನಸ್ ಇರುತ್ತದೆ. ವೋಲ್ಟೇಜ್ ಒಂದೇ ಎಂದು ಅದನ್ನು ಚುಚ್ಚಿದರೆ ವಾದ್ಯಕ್ಕೆ ಅಪಾಯ, ಆದ್ದರಿಂದ ಅಡಾಪ್ಟರ್ ಮೇಲಿನ ಪ್ಲಸ್-ಮೈನಸ್ ಚಿತ್ರ ನೋಡದೆ ಚುಚ್ಚಬೇಡಿ. ಜಪಾನಿನಿಂದ ಸೆಕೆಂಡ್ ಹ್ಯಾಂಡ್ ತರಿಸಿದರೆ ಜತೆಗೆ ಬರುವ ಅಡಾಪ್ಟರ್ ಅಲ್ಲಿನ 100 ವೋಲ್ಟಿಗೆ ಮಾಡಿದ್ದಿರಬಹುದು. ನಮ್ಮ 230 ವೋಲ್ಟಿಗೆ ಚುಚ್ಚಿದರೆ ಅದು ಸುಟ್ಟೇ ಹೋಗುತ್ತದೆ.

ಇನ್ನು ಗುಂಯ್ ಶಬ್ದ. ನಮ್ಮ ಮೇನ್ಸ್ 50 ಹರ್ಟ್ಸ್, ಅದರ ಇಮ್ಮಡಿ 100. ಟ್ಯೂನರ್‌ನಲ್ಲಿ ಜಿ ಎಂದು ಕಾಣುವ, ಸಂಗೀತದವರು ಐದು ಮನೆ ಎನ್ನುವ ಶ್ರುತಿಯ ಕೆಳಗಿನ ಸ 98 ಹರ್ಟ್ಸ್. 100 ಹರ್ಟ್ಸಿನ ಗುಂಯ್ ಅದಕ್ಕಿಂತ 35 ಸೆಂಟ್ಸ್ (ಒಂದು ಸ್ವರಸ್ಥಾನದ ಅಂತರಕ್ಕೆ 100 ಸೆಂಟ್ಸ್) ಮೇಲೆ ಕೂರುತ್ತದೆ. ಆ ಶ್ರುತಿಯಲ್ಲಿ ತೋರಿಸುವಾಗ ಗುಂಯ್ ಇದ್ದರೆ ಎಲ್ಲವೂ ಅಪಶ್ರುತಿ ಅನ್ನಿಸುತ್ತದೆ, ತಪ್ಪು ಸಿಂಥ್‌ನದಲ್ಲ. ನಮ್ಮಲ್ಲಿ ಗುಂಯ್ ಬಂದದ್ದು ಲ್ಯಾಪ್‌ಟಾಪ್ ಚಾರ್ಜರ್ ಮತ್ತು ಯುಎಸ್‌ಬಿ ವೈರು ಒಟ್ಟಿಗೆ ಇದ್ದಾಗ. ಲ್ಯಾಪ್‌ಟಾಪಿನ ಅರ್ತ್ ಒಂದು ದಾರಿಯಿಂದ, ಆಡಿಯೊ ವೈರಿನ ಅರ್ತ್ ಇನ್ನೊಂದು ದಾರಿಯಿಂದ ಸೇರಿ ಸುತ್ತು ಪೂರ್ತಿಯಾಗುತ್ತದೆ, ಆ ಸುತ್ತಿನಲ್ಲಿ ಮೇನ್ಸ್ ಹರಿದು ಧ್ವನಿಗೆ ಬೆರೆಯುತ್ತದೆ. ಚಾರ್ಜರ್ ಕಿತ್ತರೆ ನಿಂತಿತು. ಕಾಯಂ ಪರಿಹಾರ ಬೇಕೆಂದರೆ ಯುಎಸ್‌ಬಿ ಬಿಟ್ಟು ಯಾವ ಕೀ ಒತ್ತಿದರು ಎಂಬ ಸಂಕೇತ ಸಾಗಿಸುವ ಐದು ಪಿನ್ನಿನ ದುಂಡು ಮಿಡಿ ವೈರು ಬಳಸಿ. ಅದರಲ್ಲಿ ಸಂಕೇತ ಆಪ್ಟೊಕಪ್ಲರ್ ಮೂಲಕ ಬೆಳಕಾಗಿ ದಾಟುವುದರಿಂದ ಎರಡು ಯಂತ್ರಗಳ ಅರ್ತ್ ಕೂಡುವುದಿಲ್ಲ. ಅರ್ತ್ ಪಿನ್ ಮುರಿದು ಗುಂಯ್ ನಿಲ್ಲಿಸುವವರಿದ್ದಾರೆ, ಅದು ಶಾಕ್ ಹೊಡೆಯುವ ದಾರಿ. ಯಾವ ಕಾರಣಕ್ಕೂ ಮಾಡಬಾರದು.

ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ ಇನ್ನೊಂದು ತೊಂದರೆ. ಅಗ್ಗದ ಇನ್ವರ್ಟರ್ ಕೊಡುವುದು ಚೌಕದಂಥ ಅಲೆ. ಅದರಲ್ಲಿ 50 ಹರ್ಟ್ಸಿನ ಜತೆ ಅದರ ಹಲವು ಪಟ್ಟಿನ ಆವರ್ತನಗಳಾದ ಮೇಲಿನ ಹಾರ್ಮೋನಿಕ್‌ಗಳೂ ತುಂಬಿರುತ್ತವೆ, ಅಡಾಪ್ಟರ್ ದಾಟಿ ಜೀರುಂಡೆಯ ಹಾಗೆ ಜಿರ್ರೆನ್ನುತ್ತವೆ. ಮೊನೊಲಾಗ್ ಆರು ಡಬಲ್-ಎ ಸೆಲ್‌ಗಳ ಮೇಲೂ ನಡೆಯುತ್ತದೆ. ಅಂಥ ಸಂಜೆಗಳಲ್ಲಿ ಸೆಲ್ ಹಾಕಿ, ಹೆಡ್‌ಫೋನ್ ಹಚ್ಚಿ ಕೇಳಿದರೆ ಆ ಸಿಂಥ್‌ನ ಹಿನ್ನೆಲೆ ಎಷ್ಟು ಶಾಂತವಾಗಿದೆ ಎಂಬುದು ಆಗ ಗೊತ್ತಾಗುತ್ತದೆ.

ಸ್ವಿಚ್ ಹಾಕುವ ಕ್ರಮ: ಸಿಂಥ್ ಮೊದಲು, ಮಿಕ್ಸರ್ ಆಮೇಲೆ, ಸ್ಪೀಕರ್ ಕಟ್ಟಕಡೆಗೆ. ಆರಿಸುವಾಗ ಸ್ಪೀಕರ್ ಮೊದಲು. ಇಲ್ಲದಿದ್ದರೆ ಸಿಂಥ್ ಆನ್ ಆಗುವ ಟಪ್ ಶಬ್ದ ನೇರ ಸ್ಪೀಕರಿಗೆ ಹೊಡೆಯುತ್ತದೆ.

ಆನ್ ಮಾಡಿದ ತಕ್ಷಣ ಶ್ರುತಿ ಮಾಡುವುದು ವ್ಯರ್ಥ. ಅನಲಾಗ್ ಆಸಿಲೇಟರುಗಳಲ್ಲಿ ವೋಲ್ಟೇಜನ್ನು ಸ್ವರವಾಗಿಸುವ ಕೆಲಸ ಟ್ರಾನ್ಸಿಸ್ಟರ್ ಜೋಡಿಯದು, ಮತ್ತು ಆ ಟ್ರಾನ್ಸಿಸ್ಟರ್‌ನ ನಡತೆ ಉಷ್ಣತೆಯ ಮೇಲೆ ನಿಂತಿದೆ. 27 ಡಿಗ್ರಿಯ ಆಸುಪಾಸು, ಅಂದರೆ 300 ಕೆಲ್ವಿನ್‌ನಲ್ಲಿ, ಒಂದು ಡಿಗ್ರಿಗೆ ಮುನ್ನೂರರಲ್ಲಿ ಒಂದು ಪಾಲು, ಸುಮಾರು ಶೇಕಡಾ 0.33 ವ್ಯತ್ಯಾಸ. ಪರಿಹಾರವೇ ಇಲ್ಲದ ಸರ್ಕ್ಯೂಟ್ ಆದರೆ ಎರಡು ಸ್ಥಾಯಿ ಅಂತರದಲ್ಲಿ, ಅಂದರೆ 2400 ಸೆಂಟ್ಸ್‌ನಲ್ಲಿ, ಡಿಗ್ರಿಗೆ 8 ಸೆಂಟ್ಸ್ ಜಾರುತ್ತದೆ. ಅದಕ್ಕೇ ಒಳಗೆ ಉಷ್ಣತೆಗೆ ತಕ್ಕಂತೆ ಬದಲಾಗುವ ರೆಸಿಸ್ಟರ್ ಇಟ್ಟು ಸರಿದೂಗಿಸುತ್ತಾರೆ, ಆದರೂ ಪೂರ್ತಿ ಹೋಗುವುದಿಲ್ಲ. ನಾವು 20ರಿಂದ 30 ನಿಮಿಷ ಬಿಟ್ಟು ಶ್ರುತಿ ಮಾಡುತ್ತೇವೆ. ಫ್ಯಾನಿನ ಗಾಳಿ ನೇರ ವಾದ್ಯದ ಮೇಲೆ ಬೀಳಬಾರದು. ಶ್ರುತಿ ಮಾಡಿದ ಮೇಲೆ ಫ್ಯಾನ್ ಹಾಕಿದರೆ ಹತ್ತು ನಿಮಿಷಕ್ಕೆ ಟ್ಯೂನರ್ ಮುಳ್ಳು ಸರಿದಿರುತ್ತದೆ. ಮೊನೊಲಾಗ್ ತನ್ನ ಶ್ರುತಿಯನ್ನು ತಾನೇ ಸರಿಪಡಿಸಿಕೊಳ್ಳುತ್ತದೆ, ಎಂಎಸ್-20 ಮಿನಿಯನ್ನು ನಾವೇ ಫೋನಿನ ಟ್ಯೂನರ್ ನೋಡಿ ಹೊಂದಿಸಬೇಕು. ಹೀಗೆ ಹೊಂದಿಸುವುದನ್ನು ನಾವು ಬಂದವರ ಎದುರಿಗೇ ಮಾಡುತ್ತೇವೆ. ತಂಬೂರಿಯ ಬಿರಡೆ ತಿರುಗಿಸಿ, ಮಣಿ ಸರಿಸಿ ಶ್ರುತಿ ಕೂಡಿಸುವುದನ್ನು ನೋಡಿದವರಿಗೆ ಇದರಲ್ಲಿ ಬೇಸರ ಇರುವುದಿಲ್ಲ.

ಈಗ ಮುಖ್ಯ ಪ್ರಯೋಗ. ಎಂಎಸ್-20 ಮಿನಿಯಲ್ಲಿ ಎರಡನೇ ಆಸಿಲೇಟರ್‌ನ ಮಟ್ಟ ಸೊನ್ನೆ. ಮೊದಲನೆಯದರಲ್ಲಿ ಗರಗಸದ ಹಲ್ಲಿನ ಅಲೆ, ಅಂದರೆ ಸಾ-ಟೂತ್. ಹೈ-ಪಾಸ್ ಫಿಲ್ಟರ್‌ನ ಕಟಾಫ್ (ಫಿಲ್ಟರ್ ತಡೆಯಲು ಶುರು ಮಾಡುವ ಆವರ್ತನ) ಮತ್ತು ಪೀಕ್ ಎರಡೂ ಸೊನ್ನೆ, ಲೋ-ಪಾಸ್ ಕಟಾಫ್ ಪೂರ್ತಿ 10. ಎರಡೂ ಫಿಲ್ಟರ್‌ಗಳ ಮಾಡ್ಯುಲೇಶನ್ ನಾಬ್‌ಗಳೆಲ್ಲ ಸೊನ್ನೆ. ಎರಡನೇ ಎನ್ವೆಲಪ್‌ನಲ್ಲಿ (ಧ್ವನಿಯ ಏರಿಳಿತ ನಿರ್ಧರಿಸುವ ಭಾಗ) ಅಟ್ಯಾಕ್, ಅಂದರೆ ಧ್ವನಿ ಏರುವ ಹೊತ್ತು, ಸೊನ್ನೆ; ಸಸ್ಟೇನ್, ಅಂದರೆ ಕೀ ಒತ್ತಿರುವಷ್ಟು ಹೊತ್ತು ನಿಲ್ಲುವ ಮಟ್ಟ, 10. ಸಿ2, ಅಂದರೆ 65.4 ಹರ್ಟ್ಸ್, ಟ್ಯೂನರ್‌ನಲ್ಲಿ ಕಾಣುವ ಕೀ ಹುಡುಕಿ ಒತ್ತಿ, ಪಕ್ಕದ ಕೀ ಜತೆಗಿನ ಸಂದಿಗೆ ಮಡಚಿದ ಕಾಗದ ತುರುಕಿದರೆ ಅದು ಒತ್ತಿದಂತೇ ನಿಲ್ಲುತ್ತದೆ, ಎರಡೂ ಕೈ ಖಾಲಿ. ಕೇಳುವವರಿಗೆ ಇದು ಮೊದಲಿಗೆ ಒರಟು ಝೇಂಕಾರ ಅಷ್ಟೆ.

ಆಮೇಲೆ ಲೋ-ಪಾಸ್ ಪೀಕ್ ನಾಬನ್ನು 7ರ ಹತ್ತಿರ ತಂದು, ಕಟಾಫನ್ನು ಪೂರ್ತಿ ಕೆಳಕ್ಕಿಳಿಸಿ, ಅಲ್ಲಿಂದ ನಿಧಾನವಾಗಿ ಮೇಲಕ್ಕೆ ತಿರುಗಿಸಿ. ಇಡೀ ಸುತ್ತಿಗೆ ಒಂದು ನಿಮಿಷ ತೆಗೆದುಕೊಳ್ಳುವಷ್ಟು ನಿಧಾನ. ಪೀಕ್ ಎಂದರೆ ಫಿಲ್ಟರ್ ತನ್ನ ಕಟಾಫ್ ಇರುವ ಜಾಗದ ಆವರ್ತನವನ್ನು ಎತ್ತಿ ಹಿಡಿಯುವುದು. ಗರಗಸದ ಅಲೆಯಲ್ಲಿ ಮೂಲ ಸ್ವರದ ಒಂದು, ಎರಡು, ಮೂರು, ನಾಲ್ಕು ಪಟ್ಟಿನ ಎಲ್ಲ ಹಾರ್ಮೋನಿಕ್‌ಗಳೂ ಇವೆ. ಕಟಾಫ್ ಒಂದೊಂದರ ಮೇಲೆ ಹಾದಾಗ ಆ ಒಂದೇ ಒಂದು ಸಿಳ್ಳೆಯ ಹಾಗೆ ಎದ್ದು ಕೇಳುತ್ತದೆ. 65.4ರಲ್ಲಿ ಸ. 130.8ರಲ್ಲಿ ಮೇಲಿನ ಸ. 196.2ರಲ್ಲಿ ಪ. 261.6ರಲ್ಲಿ ಮತ್ತೆ ಸ. 327ರಲ್ಲಿ ಗ, ಅಂತರ ಗಾಂಧಾರ. 392.4ರಲ್ಲಿ ಪ. ಇಲ್ಲಿಯವರೆಗೆ ಯಾರೂ ಬೇರೆ ಕೀ ಮುಟ್ಟಿಲ್ಲ. ಗಾಂಧಾರ ಎದ್ದಾಗ ತಂಬೂರಿ ಬಲ್ಲವರು ತಟ್ಟನೆ ತಲೆ ಎತ್ತುತ್ತಾರೆ. ಸ್ವಯಂಭೂ ಗಾಂಧಾರ ಎಂದು ಅವರು ಕೇಳಿ ತಿಳಿದದ್ದು ಇಲ್ಲಿ ನಾಬಿನ ಒಂದು ಜಾಗದಲ್ಲಿ ನಿಂತಿರುತ್ತದೆ, ಬೇಕಾದಷ್ಟು ಹೊತ್ತು.

ಏಳನೆಯದು 457.8 ಹರ್ಟ್ಸ್, ಸದಿಂದ 969 ಸೆಂಟ್ಸ್. ಅದು ಹಾರ್ಮೋನಿಯಂ ಕೀಯ ನಿಷಾದಕ್ಕಿಂತ 31 ಸೆಂಟ್ಸ್ ಕೆಳಗೆ. ನಿಷಾದ ಎನ್ನಬಹುದೇ, ಬೇಡವೇ ಎಂಬ ಚರ್ಚೆ ಅಲ್ಲೇ ಶುರುವಾಗುತ್ತದೆ, ಆಗಲಿ ಬಿಡಿ. ಎಂಟನೆಯದು 523 ಹರ್ಟ್ಸಿನ ಸ.

ಇಲ್ಲಿ ತಪ್ಪಾಗುವುದು ಪೀಕ್ ಮಟ್ಟದಲ್ಲಿ. ತುಂಬ ಕಡಿಮೆ ಇಟ್ಟರೆ ಹಾರ್ಮೋನಿಕ್‌ಗಳು ಬೇರ್ಪಡದೆ ಬರೀ ಊಂ-ಆಂ ಎಂದಂತೆ ಕೇಳುತ್ತದೆ. ತುಂಬ ಹೆಚ್ಚಿಸಿದರೆ ಫಿಲ್ಟರ್ ತಾನೇ ಆಸಿಲೇಟರ್ ಆಗಿ ಕೂಗತೊಡಗುತ್ತದೆ. ಆಗ ಕೇಳುವುದು ಅಲೆಯೊಳಗಿನ ಹಾರ್ಮೋನಿಕ್ ಅಲ್ಲ, ಫಿಲ್ಟರ್‌ನ ಸ್ವಂತ ಸ್ವರ. ವ್ಯತ್ಯಾಸ ಪತ್ತೆ ಮಾಡುವುದು ಸುಲಭ: ಹಾರ್ಮೋನಿಕ್ ಆದರೆ ನಾಬ್ ತಿರುಗಿಸಿದಂತೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ, ಸ್ವಂತ ಕೂಗಾದರೆ ಜಾರುಬಂಡೆಯ ಹಾಗೆ ಎಲ್ಲೂ ನಿಲ್ಲದೆ ಜಾರುತ್ತದೆ. ಜಾರಿದರೆ ಪೀಕನ್ನು ಅರ್ಧ ಗೆರೆ ಇಳಿಸಿ.

ಮುಂದಿನ ಹಂತದಲ್ಲಿ ಅಲೆ ಬದಲಿಸುತ್ತೇವೆ. ಮೊದಲನೇ ಆಸಿಲೇಟರನ್ನು ಪಲ್ಸ್ ಅಲೆಗೆ ತಿರುಗಿಸಿ, ಅಗಲದ ನಾಬನ್ನು ಸರಿಯಾಗಿ ಅರ್ಧಕ್ಕೆ, ಅಂದರೆ ಚೌಕ ಅಲೆಗೆ ಇಟ್ಟರೆ ಬೆಸ ಸಂಖ್ಯೆಯ ಹಾರ್ಮೋನಿಕ್ ಮಾತ್ರ ಉಳಿಯುತ್ತವೆ. ಕಟಾಫ್ ಮತ್ತೆ ಮೇಲಕ್ಕೆ: ಸ, ಪ, ಗ, ಆ ಕೆಳಗಿನ ನಿ. ಮೇಲಿನ ಸಗಳೆಲ್ಲ ಮಾಯ. ಮಕ್ಕಳಿದ್ದರೆ "ಮೇಲಿನ ಸ ಎಲ್ಲಿ ಹೋಯ್ತು?" ಎಂದು ಅವರೇ ಕೇಳುತ್ತಾರೆ, ಹಾಡಿ ತೋರಿಸಿಕೊಳ್ಳಲು ಹೇಳಿದರೆ ಇನ್ನೂ ಚೆನ್ನ. ಈಗ ಅಗಲವನ್ನು ಮೂರನೇ ಒಂದಕ್ಕೆ ಇಳಿಸಿ. ಮೂರರಿಂದ ಭಾಗವಾಗುವ ಹಾರ್ಮೋನಿಕ್‌ಗಳು ಹೋಗುತ್ತವೆ. ಮೂರನೆಯದೂ ಆರನೆಯದೂ ಪಂಚಮವೇ ಆದ್ದರಿಂದ ಪಂಚಮ ಪೂರ್ತಿ ಅಳಿಸಿಹೋಗುತ್ತದೆ. ಪಂಚಮವಿಲ್ಲದ ಹಿಂದೋಳಕ್ಕೆ ಹೊಂದುವ ಅಲೆ ಅನ್ನಬಹುದು! ಮೂರನೇ ಒಂದು ಎಲ್ಲಿದೆ ಎಂಬ ಗುರುತು ಫಲಕದ ಮೇಲಿಲ್ಲ. ಹುಡುಕುವ ಉಪಾಯ ಇದು: ಮೊದಲು ಕಟಾಫನ್ನು 196ರ ಪಂಚಮ ಎದ್ದು ಕೇಳುವ ಜಾಗದಲ್ಲಿ ನಿಲ್ಲಿಸಿ, ಆಮೇಲೆ ಅಗಲದ ನಾಬನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸಿ. ಒಂದು ಬಿಂದುವಿನಲ್ಲಿ ಪಂಚಮ ಗಕ್ಕನೆ ಅಡಗುತ್ತದೆ, ಅದೇ ಮೂರನೇ ಒಂದು. ಕಿವಿಯೇ ಇಲ್ಲಿ ಅಳತೆಗೋಲು. ಇದನ್ನು ಮಾಡಿ ನೋಡಿದವರಿಗೆ ಪಲ್ಸ್ ವಿಡ್ತ್ ಮಾಡ್ಯುಲೇಶನ್ ಯಾಕೆ ಅಷ್ಟು ಜೀವಂತವಾಗಿ ಕೇಳುತ್ತದೆ ಎಂದು ಬೇರೆ ವಿವರಿಸಬೇಕಿಲ್ಲ: ಅಗಲ ಆಡಿದಂತೆಲ್ಲ ಒಂದೊಂದು ಹಾರ್ಮೋನಿಕ್ ಅಡಗಿ ಎದ್ದು ಅಡಗಿ ಏಳುತ್ತಿರುತ್ತದೆ.

ಮೊನೊಲಾಗ್‌ನಲ್ಲಿ ಇದೇ ಅಲೆಗಳನ್ನು ಪರದೆಯ ಮೇಲೆ ತೋರಿಸಬಹುದು. ಆದರೆ ಮೊದಲು ಕೇಳಿಸಿ, ಆಮೇಲೆ ತೋರಿಸಿ. ಪರದೆ ಮೊದಲೇ ಕಂಡರೆ ಕಿವಿ ಕೆಲಸ ಬಿಟ್ಟುಬಿಡುತ್ತದೆ.

ಇನ್ನು ತಂಬೂರಿಯನ್ನೇ ಕಟ್ಟುವುದು. ಬೆಂಗಳೂರಿನಲ್ಲೇ ತಯಾರಾಗುವ ಎಲೆಕ್ಟ್ರಾನಿಕ್ ತಂಬೂರಿ ಮನೆಮನೆಯಲ್ಲಿದೆ, ಕೊಳಲು ವಾದಕರೂ ಎಂಜಿನಿಯರೂ ಆದ ಜಿ. ರಾಜನಾರಾಯಣ್ ಕಟ್ಟಿದ ರಾಡೆಲ್ ಪೆಟ್ಟಿಗೆಗಳನ್ನು ನೋಡದ ಸಂಗೀತದ ಮನೆ ಕಡಿಮೆ. ಅದಿದ್ದರೆ ಪಕ್ಕದಲ್ಲಿಟ್ಟುಕೊಳ್ಳಿ, ಹೋಲಿಸಲು ಬೇಕು. ಮೊನೊಲಾಗ್‌ನಲ್ಲಿ ಎರಡೂ ಆಸಿಲೇಟರ್ ಗರಗಸದ ಅಲೆ, ಎರಡನೆಯದರ ಮಟ್ಟ ಮೊದಲನೆಯದರ ಕಾಲು ಭಾಗ, ಶ್ರುತಿಯಲ್ಲಿ 2-3 ಸೆಂಟ್ಸ್ ಆಚೀಚೆ. ಫಿಲ್ಟರ್ ಕಟಾಫ್ ಶೇಕಡಾ 40ರ ಹತ್ತಿರ, ರೆಸೊನನ್ಸ್ (ಎಂಎಸ್-20ರಲ್ಲಿ ಪೀಕ್ ಎಂದದ್ದು ಇದೇ) 60. ಎನ್ವೆಲಪ್ ಬಗೆ ಅಟ್ಯಾಕ್-ಡಿಕೇ. ಅಟ್ಯಾಕ್ ಸೊನ್ನೆಗಿಂತ ಕೂದಲೆಳೆ ಮೇಲೆ, ಡಿಕೇ, ಅಂದರೆ ಧ್ವನಿ ಆರುವ ಹೊತ್ತು, ಸುಮಾರು 3 ಸೆಕೆಂಡ್, ಗುರಿ ಕಟಾಫ್. ಒಂದೇ ಎನ್ವೆಲಪ್ ಧ್ವನಿಯ ಮಟ್ಟವನ್ನೂ ಫಿಲ್ಟರನ್ನೂ ಒಟ್ಟಿಗೆ ಇಳಿಸುವುದರಿಂದ ಮೀಟಿದ ಮೇಲೆ ಹಾರ್ಮೋನಿಕ್‌ಗಳು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಹೊಳೆದು ಆರುತ್ತವೆ. ಕುದುರೆಯ ಮೇಲೆ ಜೀವಾಳಿ ದಾರ ಸರಿಯಾಗಿ ಕೂತಾಗ ತಂತಿ ಬಿಡುವ ಆ ಹರಿವಿಗೆ ಇದು ಹತ್ತಿರ ಬರುತ್ತದೆ. ಜೀವಾಳಿಯನ್ನು ಅರ್ಧ ಕೂದಲಷ್ಟು ಸರಿಸಿ ಹುಡುಕುವ ಹಾಗೇ ಇಲ್ಲೂ ಎನ್ವೆಲಪ್‌ನ ಪ್ರಮಾಣದ ನಾಬನ್ನು ಹುಡುಕಬೇಕು. ಒಂದು ಇಕ್ಕಟ್ಟಾದ ಜಾಗದಲ್ಲಿ ಮಾತ್ರ ನಾದ ತೆರೆದುಕೊಳ್ಳುತ್ತದೆ.

ಸೀಕ್ವೆನ್ಸರ್‌ನಲ್ಲಿ ಗತಿ ನಿಮಿಷಕ್ಕೆ 40. ಒಂದನೇ ಹೆಜ್ಜೆಗೆ ಪಂಚಮ, ಐದಕ್ಕೆ ಸಾರಣಿಯ ಸ, ಒಂಬತ್ತಕ್ಕೆ ಅನುಸಾರಣಿಯ ಸ, ಹದಿಮೂರಕ್ಕೆ ಮಂದ್ರದ ಸ. ಹೀಗೆ 1.5 ಸೆಕೆಂಡಿಗೊಂದು ಮೀಟು, 6 ಸೆಕೆಂಡಿಗೊಂದು ಸುತ್ತು. ನಡುವಿನ ಹೆಜ್ಜೆಗಳು ಖಾಲಿ. ಕೊರತೆ ಏನೆಂದರೆ ವಾದ್ಯ ಒಂದೇ ಸ್ವರದ್ದು, ಮುಂದಿನ ಮೀಟು ಹಿಂದಿನದನ್ನು ಕತ್ತರಿಸುತ್ತದೆ. ನಿಜವಾದ ತಂಬೂರಿಯಲ್ಲಿ ನಾಲ್ಕು ತಂತಿಯೂ ಒಂದರ ಮೇಲೊಂದು ಹರಿಯುತ್ತವೆ. ಮೊದಲು ಡಿಲೇ ಪೆಡಲ್ ಹಾಕಿ ನೋಡಿದೆವು, ಬಾವಿಯೊಳಗೆ ನುಡಿಸಿದ ಹಾಗಾಯಿತು. ಸರಿಹೋದದ್ದು ಬೇರೆ ದಾರಿ: ಒಂದೊಂದು ತಂತಿಯನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ, ಡಿಕೇಯನ್ನು 5 ಸೆಕೆಂಡಿಗೆ ಉದ್ದ ಮಾಡಿ, ಆಡಾಸಿಟಿ ಎಂಬ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ, 1.5 ಸೆಕೆಂಡ್ ಸರಿಸಿ ಕೂಡಿಸುವುದು. ನಾಲ್ಕು ಸಲ ರೆಕಾರ್ಡ್ ಮಾಡುವಾಗ ಆಸಿಲೇಟರ್ ಒಂದೆರಡು ಸೆಂಟ್ಸ್ ಅತ್ತಿತ್ತ ಆಗಿರುತ್ತದೆ. ಅದನ್ನು ತಿದ್ದಬೇಡಿ, ಸಾರಣಿ, ಅನುಸಾರಣಿಗಳ ನಡುವಿನ ಆ ನಿಧಾನದ ತೊನೆತವೇ ನಾದಕ್ಕೆ ಉಸಿರು.

ಮೊನೊಲಾಗ್‌ನ ಇನ್ನೊಂದು ದೊಡ್ಡ ಗುಣ, ಹನ್ನೆರಡು ಸ್ವರಗಳನ್ನೂ ಸೆಂಟ್ಸ್ ಲೆಕ್ಕದಲ್ಲಿ ಸರಿಸಬಹುದು. ಸಮ ಹಂಚಿಕೆಯ ಪಿಯಾನೊ ಶ್ರುತಿಯಿಂದ ಸಹಜ ಶ್ರುತಿಗೆ ಬರಲು ನಾವು ತುಂಬಿದ ಅಂಕಿಗಳು ಇವು: ಶುದ್ಧ ರಿಷಭ +12, ಚತುಶ್ರುತಿ ರಿಷಭ +4, ಸಾಧಾರಣ ಗಾಂಧಾರ +16, ಅಂತರ ಗಾಂಧಾರ −14, ಶುದ್ಧ ಮಧ್ಯಮ −2, ಪ್ರತಿ ಮಧ್ಯಮ −10, ಪಂಚಮ +2, ಶುದ್ಧ ಧೈವತ +14, ಚತುಶ್ರುತಿ ಧೈವತ −16, ಕೈಶಿಕಿ ನಿಷಾದ +18, ಕಾಕಲಿ ನಿಷಾದ −12. ಇವು 16/15, 9/8, 6/5, 5/4, 4/3, 45/32, 3/2, 8/5, 5/3, 9/5, 15/8 ಎಂಬ ಪ್ರಮಾಣಗಳಿಂದ ಬಂದವು. ಸ ಯಾವ ಕೀ ಮೇಲಿದೆ ಎಂಬುದನ್ನೂ ಹೊಂದಿಸಬೇಕು. ಅದನ್ನು ಮರೆತು ಶ್ರುತಿ ಬದಲಿಸಿದರೆ ಅಂಕಿಗಳೆಲ್ಲ ತಪ್ಪು ಸ್ವರಗಳ ಮೇಲೆ ಕೂತು ಕಿವಿ ನೋಯುತ್ತದೆ. ಈ ಅಂಕಿಗಳು ನಿಂತ ಸ್ವರಕ್ಕೆ ಮಾತ್ರ. ರಾಗದಲ್ಲಿ ಗಾಂಧಾರ ಒಂದೆಡೆ ನಿಲ್ಲುವುದಿಲ್ಲ. ತೋಡಿಯ ಗಾಂಧಾರವನ್ನು ಯಾವ ಅಂಕಿಯೂ ಹಿಡಿಯಲಾರದು. ಎಲ್‌ಎಫ್‌ಒ (ತೀರ ನಿಧಾನದ ಅಲೆಯ ಆಸಿಲೇಟರ್) ಹಚ್ಚಿ ಸೆಕೆಂಡಿಗೆ 5 ಸಲ ಸ್ವರ ಅಲುಗಿಸಿದರೆ ಅದು ಪಾಶ್ಚಾತ್ಯ ವೈಬ್ರಾಟೊ ಆಗುತ್ತದೆ ಹೊರತು ಕಂಪಿತ ಆಗುವುದಿಲ್ಲ. ಗಮಕಕ್ಕೆ ಕೈಯೇ ಬೇಕು: ಸ್ಲೈಡರನ್ನು ಸ್ವರ ಬಾಗಿಸಲು ಕೊಟ್ಟು, ಬಾಗುವ ಮಿತಿಯನ್ನು ಎರಡು ಸ್ವರಸ್ಥಾನಕ್ಕೆ ಇಟ್ಟು, ವೀಣೆಯ ತಂತಿ ಎಳೆದ ಹಾಗೆ ಎಳೆಯಿರಿ. ಎಂಎಸ್-20 ಮಿನಿಯ ಚಕ್ರ ವೈರು ಚುಚ್ಚುವವರೆಗೆ ಯಾವ ಕೆಲಸವನ್ನೂ ಮಾಡುವುದಿಲ್ಲ. ಹೊಸಬರು ಅದು ಕೆಟ್ಟಿದೆ ಎಂದುಕೊಳ್ಳುವುದುಂಟು.

ಸಹಜ ಮತ್ತು ಸಮ ಶ್ರುತಿಯ ವ್ಯತ್ಯಾಸ ಕೇಳಿಸಲು ಮೊನೊಲಾಗ್‌ನ ಮಿಡಿ ಔಟ್‌ನಿಂದ ಎಂಎಸ್-20 ಮಿನಿಯ ಮಿಡಿ ಇನ್‌ಗೆ ವೈರು ಹಾಕಿ, ಚಾನೆಲ್ 1 ಇಟ್ಟು, ಎರಡನ್ನೂ ಒಟ್ಟಿಗೆ ನುಡಿಸಿ. ಮಿಡಿ ಸಾಗಿಸುವುದು ಯಾವ ಕೀ ಎಂಬ ಸಂಖ್ಯೆಯನ್ನು ಮಾತ್ರ, ಸೆಂಟ್ಸ್ ಹೊಂದಿಕೆ ಅದರ ಜತೆ ಹೋಗುವುದಿಲ್ಲ. ಹಾಗಾಗಿ ಎಂಎಸ್-20 ಮಿನಿ ಸಮ ಶ್ರುತಿಯಲ್ಲೇ ಉಳಿಯುತ್ತದೆ. ಎರಡರ ಸವನ್ನೂ ಕೂಡಿಸಿ, ಆಮೇಲೆ ಗ ಒತ್ತಿ. ಒಂದರಲ್ಲಿ 329.6, ಇನ್ನೊಂದರಲ್ಲಿ 327 ಹರ್ಟ್ಸ್: ಸೆಕೆಂಡಿಗೆ ಎರಡೂವರೆ ಸಲ ಧ್ವನಿ ಉಬ್ಬಿ ತಗ್ಗುತ್ತದೆ. ಪಂಚಮದಲ್ಲಿ ಒಂದು ಉಬ್ಬಿಗೆ ಎರಡು ಸೆಕೆಂಡಿಗೂ ಹೆಚ್ಚು ಬೇಕು. ಹಾರ್ಮೋನಿಯಂ ಗಾಂಧಾರ ಯಾಕೆ ಚುಚ್ಚುತ್ತದೆ ಎಂಬ ಹಳೆಯ ತಕರಾರಿಗೆ ಇದಕ್ಕಿಂತ ನೇರ ಉತ್ತರ ನಮಗೆ ಸಿಕ್ಕಿಲ್ಲ.

ಮಿಡಿ ಬಿಟ್ಟು ನೇರ ವೋಲ್ಟೇಜಿನಲ್ಲಿ ಬೇರೆ ಯಂತ್ರಕ್ಕೆ ಕೂಡಿಸುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಮೂಗ್ ಕಂಪನಿಯ ಸಿಂಥ್ ಮತ್ತು ಬಿಡಿ ಭಾಗಗಳನ್ನು ವೈರಿನಿಂದ ಕೂಡಿಸುವ ಈಗಿನ ಬಹುಪಾಲು ಮಾಡ್ಯುಲರ್‌ಗಳಲ್ಲಿ ಸ್ಥಾಯಿಗೆ 1 ವೋಲ್ಟ್: 1, 2, 3, 4. ಎಂಎಸ್-20ರದ್ದು ಸ್ಥಾಯಿಗೆ ಇಮ್ಮಡಿ: 1, 2, 4, 8. ಇವನ್ನು ನೇರ ಜೋಡಿಸಿದರೆ ಒಂದೆರಡು ಕೀಯಲ್ಲಿ ಶ್ರುತಿ ಕೂಡಿ ಉಳಿದೆಲ್ಲ ಕೀಗಳಲ್ಲಿ ಒಡೆಯುತ್ತದೆ. ಟ್ರಿಗರ್ ಕೂಡ ತಲೆಕೆಳಗು. ಈಗಿನ ಬಹುಪಾಲು ಯಂತ್ರಗಳು ವೋಲ್ಟೇಜ್ ಏರಿದಾಗ ಸ್ವರ ಶುರು ಮಾಡಿದರೆ ಇದು ನೆಲಕ್ಕೆ ತಗುಲಿದಾಗ ಶುರು ಮಾಡುತ್ತದೆ. ನಡುವೆ ಪರಿವರ್ತಕ ಬೇಕು.

ಎಂಎಸ್-20 ಮಿನಿಯ ನಿಜವಾದ ಸೊಗಸು ಬಲ ಮೂಲೆಯ ಇಎಸ್‌ಪಿ ಭಾಗದಲ್ಲಿದೆ. ಹೊರಗಿನ ಧ್ವನಿ ತೆಗೆದುಕೊಂಡು ಅದರ ಶ್ರುತಿಯನ್ನು ವೋಲ್ಟೇಜಾಗಿ ಬದಲಿಸುವ ಭಾಗ ಅದು, ಅಂದರೆ ಹಾಡಿ ಸಿಂಥ್ ನುಡಿಸಬಹುದು. ಮೈಕಿನ ಧ್ವನಿಯನ್ನು ಆಡಿಯೊ ಇಂಟರ್‌ಫೇಸಿನಲ್ಲಿ ಎತ್ತರಿಸಿ ಅದರ ಔಟ್‌ನಿಂದ 3.5 ಮಿಮೀ ಮೊನೊ ಪಿನ್ನಿನಲ್ಲಿ ಸಿಗ್ನಲ್ ಇನ್‌ಗೆ ಕೊಟ್ಟೆವು. ಸಿಗ್ನಲ್ ಲೆವೆಲ್ ನಾಬನ್ನು ಕೆಂಪು ದೀಪ ಆಗಾಗ ಮಿನುಗುವಷ್ಟು ಏರಿಸಿ. ಶ್ರುತಿಯನ್ನು ವೋಲ್ಟೇಜಾಗಿ (ಸಿವಿ) ಕೊಡುವ ಎಫ್-ವಿ ಸಿವಿ ಔಟ್‌ನಿಂದ ಎರಡೂ ಆಸಿಲೇಟರ್‌ಗಳ ಸಿವಿ ಇನ್‌ಗೆ ಒಂದು ವೈರು, ಟ್ರಿಗ್ ಔಟ್‌ನಿಂದ ಎನ್ವೆಲಪ್‌ಗಳ ಟ್ರಿಗ್ ಇನ್‌ಗೆ ಇನ್ನೊಂದು. ಈಗ ಸ ಹಿಡಿದು ಹಾಡುತ್ತ, ಸಿಂಥ್ ಅದೇ ಸಕ್ಕೆ ಬರುವಂತೆ ಸಿವಿ ಅಡ್ಜಸ್ಟ್ ತಿರುಗಿಸಿ. ಉಸಿರು ಬಿಟ್ಟಾಗ ಸ್ವರ ನಿಲ್ಲುವಂತೆ ಥ್ರೆಶೋಲ್ಡ್ ಹೊಂದಿಸಿ.

ಮೊದಲ ಯತ್ನದಲ್ಲಿ ಸಿಂಥ್ ಕಪ್ಪೆಯ ಹಾಗೆ ಸ್ಥಾಯಿಯಿಂದ ಸ್ಥಾಯಿಗೆ ಜಿಗಿಯುತ್ತದೆ. ಕಾರಣ, ಗಂಟಲಿನ ಧ್ವನಿಯಲ್ಲಿ ಕೆಲವೊಮ್ಮೆ ಮೂಲ ಸ್ವರಕ್ಕಿಂತ ಎರಡನೇ ಹಾರ್ಮೋನಿಕ್ ಜೋರಾಗಿರುತ್ತದೆ, ಸರ್ಕ್ಯೂಟ್ ಅದನ್ನೇ ಮೂಲ ಎಂದು ಎಣಿಸುತ್ತದೆ. ಹೈ ಕಟ್ ನಾಬನ್ನು ಹಾಡುವ ಶ್ರುತಿಗಿಂತ ಸ್ವಲ್ಪವೇ ಮೇಲಿರುವಂತೆ ಇಳಿಸಿದರೆ ಜಿಗಿತ ಕಡಿಮೆಯಾಗುತ್ತದೆ. ಅಕಾರಕ್ಕಿಂತ ಉಕಾರದಲ್ಲಿ, ಬಾಯಿ ಮುಚ್ಚಿದ ಮ್‌ಕಾರದಲ್ಲಿ ಚೆನ್ನಾಗಿ ಹಿಡಿಯುತ್ತದೆ. ಜಾರು ಸಲೀಸಾಗಿ ಬರುತ್ತದೆ. ವೇಗದ ಬಿರ್ಕಾಗಳಲ್ಲಿ ಚೂರುಚೂರಾಗುತ್ತದೆ. ತಂಬೂರಿ ಸ್ಪೀಕರ್‌ನಲ್ಲಿ ನಡೆಯುತ್ತಿದ್ದರೆ ಅದೂ ಮೈಕಿಗೆ ಹೋಗಿ ಎಲ್ಲ ಕೆಡುತ್ತದೆ, ಆಗ ಹಾಡುವವರು ಹೆಡ್‌ಫೋನ್ ಹಾಕಿಕೊಳ್ಳಬೇಕು.

ನಮ್ಮ ಸಂಗೀತಕ್ಕೂ ಈ ಯಂತ್ರಗಳಿಗೂ ನಂಟು ಇವತ್ತಿನದಲ್ಲ. 1969ರಲ್ಲೇ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ನೆರವಿನಿಂದ ಮೂಗ್ ಸಿಂಥಸೈಸರ್ ಸ್ಟುಡಿಯೊ ಆಗಿತ್ತು, ಪಖಾವಜ್ ಕಲಿತ ಗೀತಾ ಸಾರಾಭಾಯಿ ಅಲ್ಲಿ ಕೆಲಸ ಮಾಡಿದ್ದರು. 1982ರಲ್ಲಿ ಮುಂಬೈಯ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ನುಡಿಸಿ ರೆಕಾರ್ಡ್ ಮಾಡಿದ್ದರು. ರಾಗವನ್ನು ಸಿಂಥ್‌ನಲ್ಲಿ ಹುಡುಕುವವರು ಇವನ್ನು ಒಮ್ಮೆ ಕೇಳಿಕೊಳ್ಳಲೇಬೇಕು.

ಎದುರಿಗಿಲ್ಲದವರಿಗಾಗಿ ವಿಡಿಯೊ ಮಾಡುವಾಗ ಫೋನಿನ ಮೈಕನ್ನು ನಂಬಬೇಡಿ. ಅದು ಸಣ್ಣ ಧ್ವನಿಯನ್ನು ಎತ್ತಿ ದೊಡ್ಡದನ್ನು ಅದುಮುತ್ತದೆ, ಹಾರ್ಮೋನಿಕ್ ಏಳುವ ಕ್ಷಣವೇ ಚಪ್ಪಟೆಯಾಗುತ್ತದೆ. ಧ್ವನಿಯನ್ನು ವೈರಿನಿಂದ ನೇರ ಇಂಟರ್‌ಫೇಸಿಗೆ, 48 ಕಿಲೊಹರ್ಟ್ಸ್, 24 ಬಿಟ್, ಶಿಖರ −12 ಡೆಸಿಬೆಲ್ ಮೀರದಂತೆ ತೆಗೆದುಕೊಂಡು, ಮೊದಲಲ್ಲಿ ಒಂದು ಚಪ್ಪಾಳೆ ತಟ್ಟಿ ಚಿತ್ರಕ್ಕೆ ಕೂಡಿಸಿ. ವೈರಿನಲ್ಲಿ ಬರುವ ಸಿಂಥ್ ಧ್ವನಿಯಲ್ಲಿ ಚಪ್ಪಾಳೆ ಇರುವುದಿಲ್ಲ, ಹಾಗಾಗಿ ಅದು ಇಂಟರ್‌ಫೇಸಿಗೆ ಹಾಕಿದ ಮಾತಿನ ಮೈಕಿಗೂ ಕೇಳಿರಬೇಕು. ಮನೆಯ ದೀಪಗಳು 50 ಹರ್ಟ್ಸಿನವು, ಕ್ಯಾಮೆರಾ ಶಟರ್ 1/50 ಅಥವಾ 1/100 ಇಡದಿದ್ದರೆ ಚಿತ್ರ ಮಿಟುಕುತ್ತದೆ. 65 ಹರ್ಟ್ಸಿನ ಸ ಫೋನಿನ ಸ್ಪೀಕರ್‌ನಲ್ಲಿ ಕೇಳುವುದೇ ಇಲ್ಲ, ವಿಡಿಯೊಗೆ ಒಂದು ಸ್ಥಾಯಿ ಮೇಲೆ, 130.8ರಿಂದ ಶುರು ಮಾಡಿ.

ಕರಾವಳಿಯವರಿಗೆ, ಮಳೆಗಾಲದ ಮಲೆನಾಡಿನವರಿಗೆ ಒಂದು ಮಾತು. ಪ್ಯಾಚ್ ಜ್ಯಾಕ್‌ಗಳೊಳಗೆ ವೈರಿಲ್ಲದಾಗ ಮುಚ್ಚಿಕೊಂಡಿರುವ ಸಣ್ಣ ಲೋಹದ ನಾಲಗೆ ಇರುತ್ತದೆ. ಒಳಗಿನ ಜೋಡಣೆ ಹರಿಯುವುದು ಅದರ ಮೂಲಕ. ತೇವಕ್ಕೆ ಅದು ಮಂಕಾದರೆ ಏನೂ ಚುಚ್ಚದೆಯೇ ಎಲ್‌ಎಫ್‌ಒ ಕೆಲಸ ನಿಲ್ಲಿಸುತ್ತದೆ, ವೈರು ಚುಚ್ಚಿದರೆ ಸರಿಯಾಗುತ್ತದೆ. ಲಕ್ಷಣ ಹೀಗಿದ್ದರೆ ರಿಪೇರಿಗೆ ಓಡುವ ಮೊದಲು ಆ ಜ್ಯಾಕಿಗೆ ಪಿನ್ನನ್ನು ಹತ್ತು ಸಲ ಹಾಕಿ ತೆಗೆಯಿರಿ; ಬಹಳಷ್ಟು ಸಲ ಉಜ್ಜಿ ಸರಿಹೋಗುತ್ತದೆ. ಬಳಸದಾಗ ಬಟ್ಟೆ ಹೊದಿಸಿ, ಪಕ್ಕದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಕೊನೆಯ ಹತ್ತು ನಿಮಿಷ ನಾಬ್ ಬಂದವರ ಕೈಗೆ. ಅದಕ್ಕೆ ಮೊದಲು ಪೀಕನ್ನು 6ಕ್ಕೆ ಇಳಿಸಿ, ಸ್ಪೀಕರಿನ ಮಟ್ಟವನ್ನು ನಾವು ಕೇಳುತ್ತಿದ್ದುದರ ಅರ್ಧಕ್ಕೆ ತಂದು, ಫಿಲ್ಟರ್ ಕೂಗಿದರೂ ಕಿವಿಗೆ, ಸ್ಪೀಕರಿನೊಳಗೆ ಎತ್ತರದ ಧ್ವನಿ ಕೊಡುವ ಟ್ವೀಟರಿಗೆ ಪೆಟ್ಟಾಗದಂತೆ ನೋಡಿಕೊಳ್ಳುತ್ತೇವೆ. ಕಟಾಫ್ ನಾಬ್ ಬಿಟ್ಟು ಬೇರೆಯದಕ್ಕೆಲ್ಲ ಕಾಗದದ ಟೇಪ್ ಅಂಟಿಸಿದರೆ ಚಿಕ್ಕ ಮಕ್ಕಳಿಗೂ ಕೊಡಬಹುದು. ಏನನ್ನೂ ಹೇಳಿಕೊಡುವುದಿಲ್ಲ, ಗಾಂಧಾರ ಹುಡುಕಿ ಎಂದಷ್ಟೇ ಹೇಳುತ್ತೇವೆ. ಮೊದಲು ಎಲ್ಲರೂ ಬೇಗ ಬೇಗ ತಿರುಗಿಸುತ್ತಾರೆ, ದಾಟಿ ಹೋಗುತ್ತಾರೆ, ಹಿಂದಕ್ಕೆ ಬರುತ್ತಾರೆ. ಆಮೇಲೆ ಬೆರಳು ನಿಧಾನವಾಗುತ್ತದೆ, ನಾಬಿನ ಎರಡು ಗೆರೆಗಳ ನಡುವೆ ಎಲ್ಲೋ ಒಂದೆಡೆ ನಿಲ್ಲುತ್ತದೆ.